ಟ್ರಾಕ್ಟರ್ ಬಾನೆಟ್ಟಿನ ಗಾಳಿಕಿಂಡಿಗೆ ಜಾಲರಿ ಜೋಡಿಸುವ ಕ್ರಮ

ಕುಣಿಗಲ್ ತಾಲ್ಲೂಕಿನ ಯಡಿಯೂರು ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ರಾಗಿ ಮತ್ತು ತೆಂಗು ಮುಖ್ಯ ಬೆಳೆಗಳು. ಮಳೆಗಾಲದಲ್ಲಿ ಬಿತ್ತಿದ ರಾಗಿ ನವೆಂಬರ್-ಡಿಸೆಂಬರ್ ವೇಳೆಗೆ ಕೊಯ್ಲಿಗೆ ಬರುತ್ತದೆ. ಮೆದೆ ಒಟ್ಟಿದ ರಾಗಿಯನ್ನು ಕಣಕ್ಕೆ ಹಾಕಿ ಒಕ್ಕುವ ಕೆಲಸ ಮುಂದಿನ ಒಂದೆರಡು ತಿಂಗಳು ನಡೆಯುತ್ತದೆ. ಹಿಂದೆ ಎತ್ತು ಮತ್ತು ರೋಣಗಲ್ಲು ಮಾಡುತ್ತಿದ್ದ ಈ ಕೆಲಸವನ್ನು ಈಗ ಬಹುಪಾಲು ಟ್ರಾಕ್ಟರೇ ಮಾಡುತ್ತದೆ. ಕೆಲವರು ಕಣದಲ್ಲಿ ಹರಡಿದ ರಾಗಿಯ ಮೇಲೆ ಟ್ರಾಕ್ಟರನ್ನು ಸುತ್ತು ಹೊಡೆಸುತ್ತಾರೆ. ಕೆಲವರು ಟ್ರಾಕ್ಟರಿನ ಶಕ್ತಿಯಿಂದ ಒಕ್ಕಣೆ ಯಂತ್ರ ನಡೆಸುತ್ತಾರೆ.

ಎರಡೂ ವಿಧದಲ್ಲಿ ಒಂದು ತೊಂದರೆ ಸಮಾನ. ಎದ್ದ ಹೊಟ್ಟು ಮತ್ತು ದೂಳನ್ನು ಎಂಜಿನ್ನಿನ ಫ್ಯಾನು ತನ್ನತ್ತ ಸೆಳೆದುಕೊಳ್ಳುತ್ತದೆ. ಹೊಟ್ಟು ರೇಡಿಯೇಟರಿನ ಮುಖಕ್ಕೆ ಮೆತ್ತಿಕೊಂಡು ಎಂಜಿನ್ ಕಾಯುತ್ತದೆ. ಆಗ ಬಾನೆಟ್ಟಿಗೆ ಅಲ್ಲಲ್ಲಿ ಕಿಂಡಿ ಕೊರೆಸುವುದು, ಕಿಂಡಿಯಿಂದ ಹೊಟ್ಟು ಹೋಗುತ್ತದೆಂದು ಕೈಗೆ ಸಿಕ್ಕಿದ ಜಾಲರಿಯನ್ನು ತಂತಿಯಿಂದ ಬಿಗಿಯುವುದು ರೂಢಿ. ಸರಿಯಾದ ಜಾಗದಲ್ಲಿ ಸರಿಯಾದ ಜಾಲರಿ ಹಾಕಿದರೆ ಇದು ಒಳ್ಳೆಯ ಕೆಲಸವೇ. ತಪ್ಪಿದರೆ ಎಂಜಿನ್ ಮೊದಲಿಗಿಂತ ಹೆಚ್ಚು ಕಾಯುತ್ತದೆ, ಕಣದಲ್ಲಿ ಬೆಂಕಿಗೂ ಕಾರಣವಾಗಬಹುದು. ಆದ್ದರಿಂದ ಈ ಕೆಲಸದ ಹಿಂದಿನ ತತ್ತ್ವವನ್ನೂ ಮಾಡುವ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

ಎಂಜಿನ್ನಿಗೆ ಎಷ್ಟು ಗಾಳಿ ಬೇಕು?

ಎಂಜಿನ್ನಿನಲ್ಲಿ ಉರಿದ ಡೀಸೆಲ್ಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಕೆಲಸಕ್ಕೆ ಒದಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಶಾಖ ಹೊಗೆಯೊಡನೆ ಹೊರಗೆ ಹೋಗುತ್ತದೆ. ಉಳಿದುದರಲ್ಲಿ ಬಹುಭಾಗವನ್ನು ತಂಪುಗೊಳಿಸುವ ನೀರು ಹೊತ್ತು ರೇಡಿಯೇಟರಿಗೆ ತರುತ್ತದೆ. ಅಲ್ಲಿ ತೆಳುವಾದ ತಗಡಿನ ರೆಕ್ಕೆಗಳ ನಡುವೆ ಹಾಯುವ ಗಾಳಿ ಆ ಶಾಖವನ್ನು ಒಯ್ಯುತ್ತದೆ.

ಸುಮಾರು 35 ಅಶ್ವಶಕ್ತಿಯ ಟ್ರಾಕ್ಟರು ಪೂರ್ಣ ಭಾರದಲ್ಲಿ ದುಡಿಯುವಾಗ ರೇಡಿಯೇಟರು 20 ಕಿಲೋವಾಟಿನಷ್ಟು ಶಾಖ ಹೊರಹಾಕಬೇಕಾಗುತ್ತದೆ ಎಂದಿಟ್ಟುಕೊಳ್ಳೋಣ. ಹಾಯುವ ಗಾಳಿ 25 ಡಿಗ್ರಿಯಷ್ಟು ಬಿಸಿಯಾಗಿ ಹೊರಬಂದರೆ, ಪ್ರತಿ ಸೆಕೆಂಡಿಗೆ ಸುಮಾರು 0.7 ಘನ ಮೀಟರ್ ಗಾಳಿ ಬೇಕು. ಗಂಟೆಗೆ ಲೆಕ್ಕ ಹಾಕಿದರೆ ಇದು 2,500 ಘನ ಮೀಟರ್ ಆಗುತ್ತದೆ. ಇಷ್ಟು ಗಾಳಿಯನ್ನು ಕಣದ ದೂಳಿನ ನಡುವೆ ನಿಂತು ಸೆಳೆದುಕೊಳ್ಳುವ ಯಂತ್ರಕ್ಕೆ ಎಷ್ಟು ಹೊಟ್ಟು ಬಂದು ಬಡಿಯಬಹುದೆಂದು ರೈತರೇ ಊಹಿಸಬಹುದು. ರೇಡಿಯೇಟರಿನ ಅರ್ಧ ಮುಖ ಮುಚ್ಚಿಕೊಂಡರೆ ಗಾಳಿ ಕಡಿಮೆಯಾಗಿ ನೀರು ಕುದಿಯುವ ಹಂತಕ್ಕೆ ಬರುತ್ತದೆ. ಚಾಲಕ ಶಾಖಮಾಪಕದ ಮುಳ್ಳನ್ನು ಗಮನಿಸದೆ ನಡೆಸಿದರೆ ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ ಸುಡುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಮೊದಲು ಖರ್ಚಿಲ್ಲದ ಕೆಲಸ

ಬಾನೆಟ್ಟಿಗೆ ಕೈಹಾಕುವ ಮೊದಲು ಈ ಕೆಳಗಿನ ಅಂಶಗಳನ್ನು ನೋಡಬೇಕು.

1. ಒಕ್ಕಣೆಯ ತಿಂಗಳುಗಳಲ್ಲಿ ನಮ್ಮ ಭಾಗದಲ್ಲಿ ಹೆಚ್ಚಾಗಿ ಮೂಡಣ ದಿಕ್ಕಿನಿಂದ ಗಾಳಿ ಬೀಸುತ್ತದೆ. ರಾಗಿ ತೂರುವವರಿಗೆ ಇದು ಗೊತ್ತಿರುವ ವಿಷಯವೇ. ಟ್ರಾಕ್ಟರು ಗಾಳಿ ಬರುವ ಕಡೆಗೂ, ಯಂತ್ರದ ಹೊಟ್ಟು ಬೀಳುವ ಬಾಯಿ ಗಾಳಿ ಹೋಗುವ ಕಡೆಗೂ ಇರುವಂತೆ ನಿಲ್ಲಿಸಬೇಕು. ಗಾಳಿ ತಿರುಗಿದರೆ ಟ್ರಾಕ್ಟರನ್ನೂ ತಿರುಗಿಸಿ ನಿಲ್ಲಿಸುವುದು ಲೇಸು.

2. ಅನೇಕ ಟ್ರಾಕ್ಟರುಗಳಲ್ಲಿ ರೇಡಿಯೇಟರಿನ ಮುಂದೆ ಎಳೆದು ತೆಗೆಯುವ ಜಾಲರಿಯನ್ನು ತಯಾರಕರೇ ಕೊಟ್ಟಿರುತ್ತಾರೆ. ಅದು ಹರಿದಿದ್ದರೆ ಅಥವಾ ಕಳೆದಿದ್ದರೆ ಹೊಸದನ್ನು ತರಿಸಿ ಹಾಕುವುದೇ ಮೊದಲ ಉಪಾಯ.

3. ಫ್ಯಾನ್ ಬೆಲ್ಟಿನ ಬಿಗಿ, ನೀರಿನ ಮಟ್ಟ, ರೇಡಿಯೇಟರ್ ಮುಚ್ಚಳದ ರಬ್ಬರು ಸರಿಯಾಗಿವೆಯೇ ಎಂದು ಪರೀಕ್ಷಿಸಬೇಕು. ಒತ್ತಡ ಹಿಡಿಯುವ ಮುಚ್ಚಳಕ್ಕೂ ಕೆಲಸವಿದೆ. ವಾಯುಮಂಡಲಕ್ಕಿಂತ ಅರ್ಧ ಪಟ್ಟು ಹೆಚ್ಚಿನ ಒತ್ತಡದಲ್ಲಿ ನೀರು ಸುಮಾರು 111 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಮುಚ್ಚಳ ಸಡಿಲವಾದರೆ 100 ಡಿಗ್ರಿಗೇ ಕುದಿದು ಚೆಲ್ಲುತ್ತದೆ.

4. ರೇಡಿಯೇಟರಿನ ಸುತ್ತ ಇರುವ ಸ್ಪಂಜು ಅಥವಾ ರಬ್ಬರ್ ಪಟ್ಟಿ ಹರಿದಿದ್ದರೆ ಹಿಂದಿನ ಬಿಸಿಗಾಳಿ ಸಂದಿನಿಂದ ಮುಂದಕ್ಕೆ ಬಂದು ಮತ್ತೆ ಅದೇ ರೇಡಿಯೇಟರಿಗೆ ನುಗ್ಗುತ್ತದೆ. ಪಟ್ಟಿಯನ್ನು ಹೊಸದಾಗಿ ಹಾಕಿದರೆ ಸಾಕು, ಎಷ್ಟೋ ವೇಳೆ ಕಿಂಡಿಯ ಅಗತ್ಯವೇ ಬೀಳುವುದಿಲ್ಲ.

ಕಿಂಡಿ ಎಲ್ಲಿ ಕೊರೆಯಬೇಕು?

ಗಾಳಿ ಒಳಗೆ ಬರುವ ಕಿಂಡಿ ಬೇರೆ, ಹೊರಗೆ ಹೋಗುವ ಕಿಂಡಿ ಬೇರೆ. ಈ ಭೇದವನ್ನು ಮರೆತು ಕೊರೆಯುವುದೇ ಹೆಚ್ಚಿನ ತಪ್ಪುಗಳಿಗೆ ಮೂಲ.

ಸಾಮಾನ್ಯ ಟ್ರಾಕ್ಟರಿನಲ್ಲಿ ಮೊದಲು ಮುಂಭಾಗದ ಕಂಬಿಜಾಲ, ಅದರ ಹಿಂದೆ ರೇಡಿಯೇಟರು, ಅದರ ಹಿಂದೆ ಫ್ಯಾನು, ಬಳಿಕ ಎಂಜಿನ್ ಇರುತ್ತವೆ. ಫ್ಯಾನು ಗಾಳಿಯನ್ನು ಮುಂದಿನಿಂದ ಹಿಂದಕ್ಕೆ ಸೆಳೆಯುತ್ತದೆ. ತಂಪು ಗಾಳಿಯ ಕಿಂಡಿ ರೇಡಿಯೇಟರಿನ ಮುಂದಿರಬೇಕು. ಬಿಸಿಗಾಳಿ ಹೋಗುವ ಕಿಂಡಿ ಫ್ಯಾನಿನ ಹಿಂದೆ, ಎಂಜಿನ್ನಿನ ಪಕ್ಕದಲ್ಲಿರಬೇಕು. ರೇಡಿಯೇಟರಿಗೂ ಫ್ಯಾನಿಗೂ ನಡುವಿನ ಜಾಗದಲ್ಲಿ ಕಿಂಡಿ ಬಿದ್ದರೆ, ಫ್ಯಾನು ಸುಲಭವಾದ ಆ ದಾರಿಯಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ರೇಡಿಯೇಟರಿನ ಮೂಲಕ ಹಾಯುವ ಗಾಳಿ ಕಡಿಮೆಯಾಗುತ್ತದೆ. ಕಾಲುವೆಯ ಏರಿ ಒಡೆದರೆ ಕೊನೆಯ ಗದ್ದೆಗೆ ನೀರು ಮುಟ್ಟದಿರುವ ಹಾಗೆಯೇ ಇದು.

ಬಾನೆಟ್ಟಿನ ನೆತ್ತಿಯ ಮೇಲೆ ಕಿಂಡಿ ಕೊರೆಯುವುದು ಒಕ್ಕಣೆಗೆ ಬಳಸುವ ಟ್ರಾಕ್ಟರಿಗೆ ಒಳ್ಳೆಯದಲ್ಲ. ಎಂಜಿನ್ ನಿಂತಾಗ ಮೇಲಿನಿಂದ ಹೊಟ್ಟು ಉದುರಿ ಹೊಗೆ ಕೊಳವೆಯ ಬುಡದಲ್ಲಿ ಶೇಖರವಾಗುತ್ತದೆ. ಭಾರದಲ್ಲಿ ದುಡಿದ ಎಂಜಿನ್ನಿನಿಂದ ಹೊರಬೀಳುವ ಹೊಗೆಯ ಶಾಖ 400 ಡಿಗ್ರಿಯನ್ನೂ ಮೀರಬಹುದು. ಒಣ ಹೊಟ್ಟು, ನಾರು ಹೊತ್ತಿಕೊಳ್ಳಲು ಸುಮಾರು 300 ಡಿಗ್ರಿಯೇ ಸಾಕು. ಮೇಲಿನ ಕಿಂಡಿಯಿಂದ ಮಳೆ ನೀರು ಬಿದ್ದು ವೈರುಗಳೂ ಕೆಡುತ್ತವೆ. ಆದ್ದರಿಂದ ಬಿಸಿಗಾಳಿಯ ಕಿಂಡಿಗಳನ್ನು ಎರಡು ಪಕ್ಕಗಳಲ್ಲಿ ಮಾತ್ರ ಕೊರೆಯಬೇಕು.

ಜಾಲರಿಯ ಆಯ್ಕೆ

ರಾಗಿಯನ್ನು ಜರಡಿ ಹಿಡಿಯುವಾಗ ಯಾವ ಕಣ್ಣಿನ ಜರಡಿ ಬೇಕೆಂದು ನಮ್ಮ ಮನೆಯ ಹೆಣ್ಣುಮಕ್ಕಳು ನೋಡಿ ಆರಿಸುತ್ತಾರೆ. ಇಲ್ಲಿಯೂ ಅದೇ ವಿವೇಚನೆ ಬೇಕು. ರೇಡಿಯೇಟರಿನ ರೆಕ್ಕೆಗಳ ನಡುವೆ ನುಸುಳಿ ಹಿಂದಕ್ಕೆ ಹೋಗುವ ಸಣ್ಣ ದೂಳನ್ನು ಜಾಲರಿ ತಡೆಯಬೇಕಾಗಿಲ್ಲ. ಅಲ್ಲಿ ಸಿಕ್ಕಿಕೊಳ್ಳುವ ಗಾತ್ರದ ಹೊಟ್ಟನ್ನು ತಡೆದರೆ ಸಾಕು. ಆದುದರಿಂದ ಮೊದಲು ನಿಮ್ಮ ರೇಡಿಯೇಟರಿನ ಎರಡು ರೆಕ್ಕೆಗಳ ನಡುವಿನ ಅಂತರವನ್ನು ಅಳೆಯಿರಿ. ಅದು 2 ಮಿ.ಮೀ. ಇದ್ದರೆ ಮುಂಭಾಗದ ಜಾಲರಿಯ ಕಣ್ಣೂ ಸುಮಾರು 2 ಮಿ.ಮೀ. ಇರಬೇಕು. ಅದಕ್ಕಿಂತ ಸಣ್ಣ ಕಣ್ಣಿನ ಸೊಳ್ಳೆ ಜಾಲರಿ ಹಾಕಿದರೆ ರೇಡಿಯೇಟರಿಗೆ ಬದಲಾಗಿ ಜಾಲರಿಯೇ ಬೇಗ ಕಟ್ಟಿಕೊಳ್ಳುತ್ತದೆ.

ಬಿಸಿಗಾಳಿ ಹೊರಹೋಗುವ ಪಕ್ಕದ ಕಿಂಡಿಗೆ ಇಷ್ಟು ಸಣ್ಣ ಕಣ್ಣು ಬೇಡ. ಅಲ್ಲಿ ಜಾಲರಿ ಇರುವುದು ಇಲಿ, ಅಳಿಲು ಒಳಸೇರದಂತೆ ಮತ್ತು ಕೈ, ಸೆರಗು, ಟವೆಲು ಫ್ಯಾನಿಗೆ ಸಿಕ್ಕದಂತೆ ತಡೆಯಲು. ತೆಂಗಿನ ತೋಟದಲ್ಲಿ ವಾರಗಟ್ಟಲೆ ನಿಂತ ಟ್ರಾಕ್ಟರಿನ ಬಾನೆಟ್ಟಿನೊಳಗೆ ಅಳಿಲು ನಾರು ತಂದು ಗೂಡು ಕಟ್ಟುವುದನ್ನೂ ಇಲಿ ವೈರು ಕಡಿಯುವುದನ್ನೂ ಅನೇಕರು ಕಂಡಿದ್ದಾರೆ. ಅಂಥಲ್ಲಿಗೆ 6 ಮಿ.ಮೀ. ಕಣ್ಣಿನ ಜಾಲರಿ ಸೂಕ್ತ.

ಜಾಲರಿಯಲ್ಲಿ ಗಾಳಿಗೆ ಸಿಗುವ ತೆರೆದ ಭಾಗವನ್ನು ಲೆಕ್ಕ ಹಾಕುವುದು ಸುಲಭ. ಕಣ್ಣಿನ ಅಳತೆಯನ್ನು, ಕಣ್ಣು ಮತ್ತು ತಂತಿಯ ದಪ್ಪ ಕೂಡಿದ ಮೊತ್ತದಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸಬೇಕು. ಕೆಲವು ಉದಾಹರಣೆಗಳು ಹೀಗಿವೆ:

ಸೊಳ್ಳೆ ಜಾಲರಿ (ಕಣ್ಣು 1.2, ತಂತಿ 0.28 ಮಿ.ಮೀ.): ತೆರೆದ ಭಾಗ ಶೇಕಡ 66
ಸಣ್ಣ ಕಣ್ಣಿನ ಜಾಲರಿ (ಕಣ್ಣು 2, ತಂತಿ 0.5 ಮಿ.ಮೀ.): ಶೇಕಡ 64
ಮಧ್ಯಮ ಜಾಲರಿ (ಕಣ್ಣು 3, ತಂತಿ 0.6 ಮಿ.ಮೀ.): ಶೇಕಡ 69
ದೊಡ್ಡ ಕಣ್ಣಿನ ಜಾಲರಿ (ಕಣ್ಣು 6, ತಂತಿ 0.9 ಮಿ.ಮೀ.): ಶೇಕಡ 76
ತೂತು ಹೊಡೆದ ತಗಡು (3 ಮಿ.ಮೀ. ತೂತು, 5 ಮಿ.ಮೀ. ಅಂತರ): ಶೇಕಡ 33

ತೂತಿನ ತಗಡು ನೋಡಲು ಗಟ್ಟಿಯಾಗಿ ಅಂದವಾಗಿದ್ದರೂ ಗಾಳಿಯ ಮೂರನೆಯ ಎರಡು ಭಾಗದ ದಾರಿಯನ್ನು ಮುಚ್ಚುತ್ತದೆ ಎಂಬುದನ್ನು ಗಮನಿಸಬೇಕು. ಸತು ಲೇಪಿಸಿದ ಕಬ್ಬಿಣದ ಜಾಲರಿ ಅಗ್ಗ. ತುಕ್ಕು ಹಿಡಿಯದ ಉಕ್ಕಿನ ಜಾಲರಿ ಬಾಳಿಕೆ ಬರುತ್ತದೆ. ಪ್ಲಾಸ್ಟಿಕ್ ಜಾಲರಿಯನ್ನು ಎಂಜಿನ್ನಿನ ಬಳಿ ಎಂದಿಗೂ ಬಳಸಬಾರದು.

ಜಾಲರಿಯ ವಿಸ್ತೀರ್ಣ

ಮುಂಭಾಗದ ಜಾಲರಿ ರೇಡಿಯೇಟರಿಗಿಂತ ದೊಡ್ಡದಾಗಿರಬೇಕು. ರೇಡಿಯೇಟರಿನ ಮುಖ 40 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರ ಇದ್ದರೆ ಅದರ ವಿಸ್ತೀರ್ಣ 1,800 ಚದರ ಸೆಂ.ಮೀ. ಶೇಕಡ 64 ತೆರೆದ ಜಾಲರಿಯಲ್ಲಿ ಅಷ್ಟೇ ತೆರವು ಸಿಗಬೇಕಾದರೆ ಸುಮಾರು 2,800 ಚದರ ಸೆಂ.ಮೀ. ಜಾಲರಿ ಬೇಕು. ಚಪ್ಪಟೆಯಾಗಿ ಹಾಕಿದರೆ ಇಷ್ಟು ಜಾಗ ಸಿಗುವುದಿಲ್ಲ. ಆದ್ದರಿಂದ 10 ಸೆಂ.ಮೀ. ಮುಂದಕ್ಕೆ ಚಾಚಿದ ಪೆಟ್ಟಿಗೆಯಂತೆ ಮಾಡಬೇಕು. ಆಗ ಮುಖದಲ್ಲಿ 1,800, ಎರಡು ಪಕ್ಕಗಳಲ್ಲಿ 900, ಮೇಲೆ 400, ಒಟ್ಟು 3,100 ಚದರ ಸೆಂ.ಮೀ. ಆಗುತ್ತದೆ. ತಳವನ್ನು ತಗಡಿನಿಂದ ಮುಚ್ಚಬೇಕು, ಏಕೆಂದರೆ ನೆಲದ ಹೊಟ್ಟು ಅಲ್ಲಿಂದಲೇ ಹೆಚ್ಚಾಗಿ ಏಳುತ್ತದೆ.

ಇದರಿಂದ ಇನ್ನೊಂದು ಪ್ರಯೋಜನವುಂಟು. ಅದೇ 0.7 ಘನ ಮೀಟರ್ ಗಾಳಿ 1,800 ಚದರ ಸೆಂ.ಮೀ. ಜಾಗಕ್ಕೆ ಬರುವಾಗ ಅದರ ವೇಗ ಸೆಕೆಂಡಿಗೆ ಸುಮಾರು 4 ಮೀಟರ್. ಜಾಗ 3,100 ಆದರೆ ವೇಗ ಸುಮಾರು 2.3 ಮೀಟರಿಗೆ ಇಳಿಯುತ್ತದೆ. ಗಾಳಿ ಮಂದವಾದ ದಿನ ರಾಗಿ ತೂರಲು ಹೋದರೆ ಹೊಟ್ಟು ಹಾರದೆ ಕಾಲಬುಡದಲ್ಲೇ ಬೀಳುವುದಷ್ಟೆ. ಹಾಗೆಯೇ ಇಲ್ಲಿಯೂ ನಿಧಾನವಾದ ಗಾಳಿ ಹೊಟ್ಟನ್ನು ಜಾಲರಿಗೆ ಬಿಗಿಯಾಗಿ ಒತ್ತಲಾರದು. ಅದು ಎಂಜಿನ್ನಿನ ನಡುಕಕ್ಕೇ ಉದುರಿಹೋಗುತ್ತದೆ. ದೊಡ್ಡ ಕಟಾವು ಯಂತ್ರಗಳಲ್ಲಿ ರೇಡಿಯೇಟರಿನ ಮುಂದೆ ತಿರುಗುವ ಅಗಲ ಜಾಲರಿ ಇಟ್ಟಿರುವುದೂ ಹೊಟ್ಟು ಮೆತ್ತಿ ನಿಲ್ಲದಿರಲೆಂದೇ.

ಬೇಕಾಗುವ ಸಾಮಾನುಗಳು

ಜಾಲರಿ, 2 ಸೆಂ.ಮೀ. ಅಗಲ 1.5 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿ, 4 ಮಿ.ಮೀ. ದಪ್ಪ 8 ಮಿ.ಮೀ. ಉದ್ದದ ಪಾಪ್ ರಿವೆಟ್ಟು, ರಿವೆಟ್ ಗನ್ನು, ಡ್ರಿಲ್ಲು, ತಗಡು ಕತ್ತರಿ, ಸಣ್ಣ ಹಲ್ಲಿನ ಗರಗಸ, ಅರ, ದಬ್ಬಳ, ತುಕ್ಕು ನಿರೋಧಕ ಪ್ರೈಮರು ಮತ್ತು ಬಣ್ಣ. ಟಿಂಕರಿಂಗ್ ಮಾಡುವ ಯಾವ ಅಂಗಡಿಯಲ್ಲಿಯೂ ಈ ಸಲಕರಣೆಗಳಿರುತ್ತವೆ. ರೈತರು ಅಳತೆ ಕೊಟ್ಟು ಎದುರಿಗೆ ನಿಂತು ಮಾಡಿಸಿಕೊಳ್ಳಬಹುದು.

ಪಕ್ಕದ ಕಿಂಡಿಗೆ ಜಾಲರಿ ಜೋಡಿಸುವ ವಿಧಾನ

ಉದಾಹರಣೆಗೆ 12 ಸೆಂ.ಮೀ. ಎತ್ತರ, 25 ಸೆಂ.ಮೀ. ಉದ್ದದ ಕಿಂಡಿಯನ್ನು ತೆಗೆದುಕೊಳ್ಳೋಣ.

1. ಬ್ಯಾಟರಿಯ ತಂತಿ ಕಳಚಿ, ಬಾನೆಟ್ಟನ್ನು ಇಳಿಸಿಕೊಂಡು ಕೆಲಸ ಮಾಡಬೇಕು. ಟ್ರಾಕ್ಟರಿನ ಮೇಲಿಟ್ಟೇ ಕೊರೆದರೆ ಕಬ್ಬಿಣದ ಪುಡಿ ಡೈನಮೋ ಮತ್ತು ಬೆಲ್ಟಿನ ಮೇಲೆ ಬೀಳುತ್ತದೆ. ಡೀಸೆಲ್ ಕೊಳವೆಯ ಬಳಿ ಕಿಡಿ ಹಾರುವ ಅಪಾಯವೂ ಇದೆ.

2. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ ಬಾನೆಟ್ಟಿಗೆ ಹಿಡಿದು ನೋಡಬೇಕು. ಒಳಗೆ ಬಲಕ್ಕಾಗಿ ಕೊಟ್ಟ ಮಡಿಕೆ, ಪಟ್ಟಿ, ಕೀಲು, ಕೊಂಡಿ ಇರುವಲ್ಲಿ ಕೊರೆಯಬಾರದು. ಎರಡೂ ಪಕ್ಕಕ್ಕೆ ಅದೇ ಅಚ್ಚನ್ನು ಬಳಸಿದರೆ ಅಳತೆ ಹೊಂದುತ್ತದೆ.

3. ನಾಲ್ಕು ಮೂಲೆಗಳಲ್ಲಿ ಮೊದಲು 10 ಮಿ.ಮೀ. ತೂತು ಕೊರೆದು, ಅನಂತರ ಒಂದು ತೂತಿನಿಂದ ಇನ್ನೊಂದಕ್ಕೆ ಗರಗಸದಿಂದ ಕೊಯ್ಯಬೇಕು. ಮೂಲೆ ಚೂಪಾಗಿದ್ದರೆ ನಡುಕದಿಂದ ಅಲ್ಲಿಂದಲೇ ತಗಡು ಸೀಳುತ್ತದೆ. ದುಂಡು ಮೂಲೆ ಸೀಳುವುದಿಲ್ಲ.

4. ಕೊಯ್ದ ಅಂಚನ್ನು ಅರದಿಂದ ಉಜ್ಜಿ, ಪ್ರೈಮರ್ ಮತ್ತು ಬಣ್ಣವನ್ನು ಎರಡೆರಡು ಬಾರಿ ಹಚ್ಚಿ ಒಣಗಿಸಬೇಕು. ಈ ಹಂತವನ್ನು ಬಿಟ್ಟರೆ ಎರಡು ಮಳೆಗಾಲದಲ್ಲಿ ಅಂಚು ತುಕ್ಕು ತಿಂದು ರಿವೆಟ್ಟು ಕಳಚುತ್ತದೆ.

5. ಜಾಲರಿಯನ್ನು ಎಲ್ಲ ಕಡೆ 2 ಸೆಂ.ಮೀ. ಹೆಚ್ಚು ಬಿಟ್ಟು, ಅಂದರೆ 16 ಮತ್ತು 29 ಸೆಂ.ಮೀ. ಅಳತೆಗೆ ಕತ್ತರಿಸಬೇಕು. ತಂತಿಯ ತುದಿಗಳು ಕೈ ಕೊಯ್ಯುವುದರಿಂದ ಕೈಚೀಲ ಹಾಕಿಕೊಳ್ಳಬೇಕು.

6. ಜಾಲರಿಯನ್ನು ಬಾನೆಟ್ಟಿನ ಒಳಮೈಗೆ ಇಟ್ಟು, ಅದರ ಮೇಲೆ ಅಲ್ಯೂಮಿನಿಯಂ ಪಟ್ಟಿಯ ಚೌಕಟ್ಟು ಇಡಬೇಕು. ತಂತಿಯ ತುದಿಗಳೆಲ್ಲ ಪಟ್ಟಿಯ ಅಡಿಯಲ್ಲಿ ಅಡಗಬೇಕು.

7. ಕಿಂಡಿಯ ಅಂಚಿನಿಂದ 1 ಸೆಂ.ಮೀ. ದೂರದಲ್ಲಿ, ಪಟ್ಟಿಯ ನಡುಗೆರೆಯಲ್ಲಿ, 5 ಸೆಂ.ಮೀ.ಗೊಂದರಂತೆ ತೂತು ಕೊರೆಯಬೇಕು. ಈ ಅಳತೆಯ ಕಿಂಡಿಗೆ 16 ಅಥವಾ 17 ರಿವೆಟ್ಟು ಬೇಕಾಗುತ್ತದೆ. ತೂತು ರಿವೆಟ್ಟಿಗಿಂತ ಕೂದಲೆಳೆಯಷ್ಟು ಮಾತ್ರ ದೊಡ್ಡದಿರಲಿ. ಜಾಲರಿಯ ತಂತಿಯನ್ನು ಡ್ರಿಲ್ಲಿನಿಂದ ಕಡಿಯದೆ ದಬ್ಬಳದಿಂದ ಸರಿಸಿ ರಿವೆಟ್ಟಿಗೆ ದಾರಿ ಮಾಡಬೇಕು. ಕಡಿದ ತಂತಿ ಕ್ರಮೇಣ ಜಾರುತ್ತದೆ.

8. ಮೊದಲು ನಾಲ್ಕು ಮೂಲೆಗಳ ರಿವೆಟ್ಟು ಹಾಕಿ, ಬಳಿಕ ಎದುರುಬದುರಾಗಿ ಉಳಿದವನ್ನು ಹಾಕಬೇಕು. ಒಂದೇ ತುದಿಯಿಂದ ಸಾಲಾಗಿ ಹೊಡೆದರೆ ಜಾಲರಿ ಉಬ್ಬುತ್ತದೆ.

9. ಬಾನೆಟ್ಟನ್ನು ಕೂರಿಸಿದ ಮೇಲೆ ಫ್ಯಾನು, ಬೆಲ್ಟುಗಳಿಂದ ಜಾಲರಿಗೆ ಕನಿಷ್ಠ 2.5 ಸೆಂ.ಮೀ. ಅಂತರ ಇದೆಯೇ ಎಂದು ಕೈಯಿಂದ ಫ್ಯಾನು ತಿರುಗಿಸಿ ನೋಡಬೇಕು. ಅನಂತರವೇ ಬ್ಯಾಟರಿ ಜೋಡಿಸಿ ಎಂಜಿನ್ ಚಾಲೂ ಮಾಡಬೇಕು.

ಮುಂಭಾಗದ ಜಾಲರಿ ಕಳಚುವಂತಿರಲಿ

ಪಕ್ಕದ ಜಾಲರಿಯನ್ನು ರಿವೆಟ್ಟಿನಿಂದ ಶಾಶ್ವತವಾಗಿ ಕೂರಿಸಬಹುದು. ಮುಂಭಾಗದ ಪೆಟ್ಟಿಗೆ ಜಾಲರಿ ಹಾಗಿರಬಾರದು. ಅದನ್ನು ದಿನಕ್ಕೆ ಹಲವು ಬಾರಿ ತೆಗೆದು ಕೊಡವಬೇಕಾಗುತ್ತದೆ. ಆದ್ದರಿಂದ ತೆಳು ಕಬ್ಬಿಣದ ಕಂಬಿಯ ಚೌಕಟ್ಟು ಮಾಡಿಸಿ, ಅದಕ್ಕೆ ಜಾಲರಿ ಬಿಗಿದು, ನಾಲ್ಕು ಕಡೆ ಕೈಯಲ್ಲೇ ತಿರುಗಿಸುವ ವಿಂಗ್ ನಟ್ಟಿನಿಂದ ಜೋಡಿಸಬೇಕು. ಚೌಕಟ್ಟು ತಗಡಿಗೆ ತಾಗುವ ಕಡೆ ರಬ್ಬರ್ ಬೀಡಿಂಗ್ ಕೊಟ್ಟರೆ ಸಂದಿಯಿಂದ ಹೊಟ್ಟು ನುಗ್ಗುವುದಿಲ್ಲ, ಸದ್ದೂ ಬರುವುದಿಲ್ಲ. ಒಕ್ಕಣೆ ಮುಗಿದ ಬಳಿಕ ಈ ಪೆಟ್ಟಿಗೆಯನ್ನು ಕಳಚಿ ಕೊಟ್ಟಿಗೆಯಲ್ಲಿ ತೂಗುಹಾಕಿ ಮುಂದಿನ ವರ್ಷಕ್ಕೆ ಕಾದಿರಿಸಬೇಕು. ಉಳುಮೆಯ ಕಾಲದಲ್ಲಿ ಅದರ ಅಗತ್ಯವಿಲ್ಲ.

ಬೆಸುಗೆ ಮತ್ತು ಅಂಟು

ಬಾನೆಟ್ಟಿನ ತಗಡು ತೆಳುವಾದುದು. ಬೆಸುಗೆಯ ಶಾಖಕ್ಕೆ ಅದು ಸೊಟ್ಟಗಾಗುತ್ತದೆ, ಸುತ್ತಲಿನ ಬಣ್ಣ ಸುಟ್ಟು ತುಕ್ಕಿಗೆ ದಾರಿಯಾಗುತ್ತದೆ. ಸಣ್ಣ ತಂತಿಯ ಜಾಲರಿ ಬೆಸುಗೆಯಲ್ಲಿ ಕರಗಿಯೇ ಹೋಗುತ್ತದೆ. ಎರಡು ಭಾಗ ಬೆರೆಸುವ ಎಪಾಕ್ಸಿ ಅಂಟು ಚೆನ್ನಾಗಿ ಹಿಡಿಯುತ್ತದಾದರೂ ಎಂಜಿನ್ನಿನ ಶಾಖಕ್ಕೆ ಮೆದುವಾಗಿ ನಡುಕಕ್ಕೆ ಬಿಡಬಹುದು. ಅಂಟನ್ನು ರಿವೆಟ್ಟಿನ ಜೊತೆಗೆ ಬಳಸಬಹುದೇ ಹೊರತು ರಿವೆಟ್ಟಿಗೆ ಬದಲಾಗಿ ಅಲ್ಲ. ತಂತಿಯಿಂದ ಕಟ್ಟಿದ ಜಾಲರಿ ಕಳಚಿ ಫ್ಯಾನಿಗೆ ಸಿಕ್ಕಿದರೆ ರೇಡಿಯೇಟರೇ ಹರಿಯುತ್ತದೆ.

ಕಾರು, ಜೀಪುಗಳ ಬಾನೆಟ್ಟು

ಕಾರು ಮತ್ತು ಜೀಪಿನ ಬಾನೆಟ್ಟಿಗೂ ಬಿಸಿಗಾಳಿ ಹೋಗಲು ಕಿಂಡಿ ಕೊರೆಸುವವರಿದ್ದಾರೆ. ಜಾಲರಿ ಕೂರಿಸುವ ಕ್ರಮ ಮೇಲೆ ಹೇಳಿದಂತೆಯೇ. ಆದರೆ ಓಡುವ ಕಾರಿನಲ್ಲಿ ಮುಂದಿನ ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚಿರುತ್ತದೆ. ಅಲ್ಲಿ ಕಿಂಡಿ ಕೊರೆದರೆ ಬಿಸಿಗಾಳಿ ಹೊರಬರುವ ಬದಲು ಹೊರಗಿನ ಗಾಳಿಯೇ ಒಳನುಗ್ಗುತ್ತದೆ. ಕಿಂಡಿ ರೇಡಿಯೇಟರಿಗೆ ಹತ್ತಿರ, ಫ್ಯಾನಿನ ಹಿಂದೆ ಇರಬೇಕು. ಬಾನೆಟ್ಟಿನ ಒಳಚೌಕಟ್ಟನ್ನು ಕತ್ತರಿಸಿದರೆ ಅಪಘಾತದಲ್ಲಿ ಅದು ಮಡಿಸಬೇಕಾದ ರೀತಿಯಲ್ಲಿ ಮಡಿಸುವುದಿಲ್ಲ. ಚೂಪಾದ ಅಂಚು ಹೊರಗೆ ಉಳಿದರೆ ದಾರಿಹೋಕರಿಗೆ ಅಪಾಯ. ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. ಕಾರಿರಲಿ ಟ್ರಾಕ್ಟರಿರಲಿ, ಕೊರೆಯುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ವಾರಂಟಿ ಅವಧಿಯಲ್ಲಿರುವ ವಾಹನವಾದರೆ ಮಾರಾಟಗಾರರನ್ನೂ ಕೇಳಬೇಕು. ಕಳಚುವ ಮುಂಭಾಗದ ಜಾಲರಿಗಾದರೆ ಏನನ್ನೂ ಕೊರೆಯಬೇಕಾಗಿಲ್ಲದಿರುವುದರಿಂದ ಮೊದಲು ಅದನ್ನೇ ಪ್ರಯತ್ನಿಸುವುದು ಒಳ್ಳೆಯದು.

ನಿರ್ವಹಣೆ

ಜಾಲರಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಕ್ಕಣೆ ನಡೆಯುವಾಗ ಮೊದಲ ದಿನ ಅರ್ಧ ಗಂಟೆಗೊಮ್ಮೆ ನೋಡಿ, ಎಷ್ಟು ಹೊತ್ತಿಗೆ ಜಾಲರಿ ಕಟ್ಟುತ್ತದೆಂದು ತಿಳಿದುಕೊಂಡು, ಅದಕ್ಕೆ ತಕ್ಕಂತೆ ಬ್ರಷ್ಷಿನಿಂದ ಗುಡಿಸಬೇಕು. ಗುಡಿಸುವ ಮೊದಲು ಎಂಜಿನ್ ನಿಲ್ಲಿಸಿ ಬೀಗದ ಕೈ ತೆಗೆದಿಟ್ಟುಕೊಳ್ಳಬೇಕು. ಸಂಜೆ ರೇಡಿಯೇಟರನ್ನು ಗಾಳಿ ಹಾಕಿ ಶುಚಿ ಮಾಡುವಾಗ ಎಂಜಿನ್ನಿನ ಕಡೆಯಿಂದ ಮುಂದಕ್ಕೆ, ಕಡಿಮೆ ಒತ್ತಡದಲ್ಲಿ, ರೆಕ್ಕೆಗಳಿಗೆ ನೇರವಾಗಿ ಹಿಡಿಯಬೇಕು. ಮುಂದಿನಿಂದ ಹೊಡೆದರೆ ಹೊಟ್ಟು ಇನ್ನೂ ಒಳಗೆ ಬಿಗಿಯುತ್ತದೆ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಕೂಡದು. ಅದೇ ದೂಳು ಏರ್ ಕ್ಲೀನರಿಗೂ ಹೋಗುವುದರಿಂದ ಅದನ್ನೂ ದಿನವೂ ನೋಡಬೇಕು.

ಬೆಂಕಿಯ ಎಚ್ಚರ

ಕಣದಲ್ಲಿ ಎಂಜಿನ್ ಕೆಟ್ಟರೆ ರಿಪೇರಿಯ ಖರ್ಚು. ಬೆಂಕಿ ಬಿದ್ದರೆ ಮನೆಯ ವರ್ಷದ ಹಿಟ್ಟು, ದನಗಳ ವರ್ಷದ ಮೇವು ಎರಡೂ ಒಂದು ಗಳಿಗೆಯಲ್ಲಿ ಹೋಗುತ್ತವೆ. ಆದ್ದರಿಂದ ಪ್ರತಿ ದಿನ ಸಂಜೆ ಬಾನೆಟ್ ಎತ್ತಿ, ಎಂಜಿನ್ ಆರಿದ ಮೇಲೆ, ಹೊಗೆ ಕೊಳವೆಯ ಬುಡ, ಬ್ಯಾಟರಿಯ ಸುತ್ತ ಮತ್ತು ಜಾಲರಿಯ ಒಳಬದಿಯಲ್ಲಿ ಕೂತ ಹೊಟ್ಟನ್ನು ತೆಗೆಯಬೇಕು. ಡೀಸೆಲ್ ಅಥವಾ ಎಣ್ಣೆ ಜಿನುಗಿದ ಕಡೆ ಹೊಟ್ಟು ಬೇಗ ಹೊತ್ತಿಕೊಳ್ಳುವುದರಿಂದ ಜಿನುಗನ್ನು ಅಂದೇ ನಿಲ್ಲಿಸಬೇಕು. ಕೆಲಸ ಮುಗಿದ ಬಿಸಿ ಟ್ರಾಕ್ಟರನ್ನು ಮೆದೆಯ ಅಥವಾ ಬಣವೆಯ ಪಕ್ಕದಲ್ಲಿ ನಿಲ್ಲಿಸಬಾರದು. ಕಣದ ಬಳಿ ಎರಡು ಕೊಡ ನೀರು, ಒಂದು ಗುಡ್ಡೆ ಮರಳು ಇರಲಿ. ಹೊತ್ತಿದ ಡೀಸೆಲ್ಲಿಗೆ ನೀರು ಸುರಿಯದೆ ಮರಳು ಹಾಕಬೇಕು. ಹೆದ್ದಾರಿಯ ಮೇಲೆ ರಾಗಿ ಹರಡಿ ವಾಹನಗಳಿಂದ ತುಳಿಸುವ ಅಭ್ಯಾಸವನ್ನಂತೂ ಬಿಡಲೇಬೇಕು. ಅದರಿಂದ ಜಾರಿಬೀಳುವವರ ಪ್ರಾಣಕ್ಕೂ, ಮೇಲೆ ಹಾಯುವ ವಾಹನಗಳ ಅಡಿಗೆ ಹುಲ್ಲು ಸುತ್ತಿ ಬೆಂಕಿ ಹತ್ತುವುದಕ್ಕೂ ಅವಕಾಶವಾಗುತ್ತದೆ.

ಒಟ್ಟಿನಲ್ಲಿ, ಮುಂದೆ ಸಣ್ಣ ಕಣ್ಣಿನ ಅಗಲವಾದ ಕಳಚುವ ಜಾಲರಿ, ಪಕ್ಕದಲ್ಲಿ ದೊಡ್ಡ ಕಣ್ಣಿನ ರಿವೆಟ್ಟು ಹೊಡೆದ ಜಾಲರಿ, ನೆತ್ತಿಯ ಮೇಲೆ ಕಿಂಡಿಯೇ ಇಲ್ಲದಿರುವುದು, ಈ ಮೂರನ್ನು ನೆನಪಿಟ್ಟರೆ ಸಾಕು. ಈ ಕೆಲಸವನ್ನು ಕೊಯ್ಲಿಗೆ ಮೊದಲೇ, ಬಿಡುವಿರುವಾಗ ಮಾಡಿಸಿಕೊಳ್ಳಬೇಕು. ಕಣಕ್ಕೆ ರಾಗಿ ಬಿದ್ದ ಮೇಲೆ ಅಂಗಡಿಯವನಿಗೂ ಪುರುಸೊತ್ತು ಇರುವುದಿಲ್ಲ, ರೈತನಿಗೂ ಇರುವುದಿಲ್ಲ. ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯ ಒಂದೊಂದು ಹಳ್ಳಿಯಲ್ಲಿ ಒಂದೊಂದು ಟ್ರಾಕ್ಟರಿಗೆ ಈ ಜಾಲರಿಯನ್ನು ಮಾಡಿಸಿ ತೋರಿಸಿದರೆ ಉಳಿದ ರೈತರು ತಾವೇ ನೋಡಿ ಅನುಸರಿಸುತ್ತಾರೆ.